ಪೈಲಟಮ್ಮನ ಲೆಕ್ಕಕ್ಕೆ ಸೇರದ ಹಾರಾಟ

ನಮ್ಮ ಪಕ್ಕದ ಮನೆಯ ಪೈಲಟಮ್ಮ ಹಾರಾಟದ ಗಂಟೆಗಳನ್ನು ಜಿಪುಣಿಯಂತೆ ಕೂಡಿಡುವವಳು. ದೊಡ್ಡ ಕಂಪನಿಯ ವಿಮಾನ ಓಡಿಸುವ ಕೆಲಸ ಸಿಗಲು ಇಷ್ಟು ಗಂಟೆ ಹಾರಿರಬೇಕು, ಹೊಸಬರಿಗೆ ಹಾರಾಟ ಕಲಿಸುವುದೂ ಅದಕ್ಕೇ ಎನ್ನುತ್ತಿದ್ದಳು. ಕಲಿಸಿ ಕಲಿಸಿ ಬಾಯಿ ಎಷ್ಟು ಪಳಗಿತ್ತೆಂದರೆ, ಬಸ್ಸು ದಿಬ್ಬ ಹತ್ತಿದರೆ ಡ್ರೈವರನನ್ನೇ "ಮೂಗು ಸ್ವಲ್ಪ ಇಳಿಸಪ್ಪಾ!" ಎಂದು ಗದರುವಳು. ಮದುವೆಯ ಮಾತೆತ್ತಿದ ಅತ್ತೆಗೆ, "ಮೊದ್ಲು ಗಾಳಿ ಯಾವ ಕಡೆ ಇದೆ ನೋಡೋಣ" ಎನ್ನುವಳು. ಮೊನ್ನೆ ಅವಳ ಶಿಷ್ಯೆ, ಪುಕ್ಕಲಿಯೆಂದೇ ಹೆಸರಾದ ನಮ್ಮ ಓಣಿಯ ಟೈಲರಮ್ಮ, ಮೊದಲ ಸಲ ಒಬ್ಬಳೇ ಹಾರಿದಳು. ಕೆಳಗೆ ನಿಂತ ಪೈಲಟಮ್ಮನ ಲೆಕ್ಕಕ್ಕೆ ಒಂದು ನಿಮಿಷವೂ ಸೇರಲಿಲ್ಲ. ಆದರೂ ವಿಮಾನ ಹೂವಿನಂತೆ ಇಳಿದದ್ದೇ ತಡ, ಟೋಪಿ ಹಾರಿಹೋದದ್ದೂ ತಿಳಿಯದೆ ಕೂಗುತ್ತ ಓಡಿದಳು. ಸಂಜೆ ದೊಡ್ಡ ಕಂಪನಿಯಿಂದ ಕೆಲಸದ ಕರೆ ಬಂತು. ಇಡೀ ಓಣಿಗೆ ಕೇಳುವಂತೆ ಹೇಳಿದಳು: "ಆ ಸೀಟು ಬೇರೆಯೋರಿಗೆ ಕೊಡಿ ಸಾರ್, ನಮ್ ಪುಕ್ಕಲಿ ಇವತ್ತು ಒಬ್ಳೇ ಹಾರಿದ್ಲು! ನಾಳೆ ಬೆಳಿಗ್ಗೆ ಕಲಿಯೋಕೆ ಇನ್ನೊಬ್ಳು ಕಾಯ್ತಿರ್ತಾಳೆ."