ಕೇಕಿನ ಮೇಲಿನ ಕುಸುರೆಳ್ಳು

ಕೇಕ್ ತಿನ್ನಿಸಲು ಮುತ್ತೈದೆಯೇ ಬೇಕೇ?

ಬೇಕಂತೆ. ಕಳೆದ ಭಾನುವಾರ ರಾಣೆಬೆನ್ನೂರಿಗೆ ಹೋಗಿ ಈ ಹೊಸ ಜ್ಞಾನ ಸಂಪಾದಿಸಿಕೊಂಡು ಬಂದೆ. ಹಾವೇರಿಗೆ ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕ ಕೂತಿದ್ದ ಹೆಂಗಸು ನನ್ನ ಮುಖ ನೋಡಿ, ‘ಯಾಕ್ರೀ, ಆರಾಮ ಇಲ್ಲೇನು?’ ಎಂದರು. ಆರಾಮ ಇರಲಿಲ್ಲ. ಸಿಟ್ಟು ಬಂದಿತ್ತು. ಇವತ್ತು ಗುರುವಾರ, ಇನ್ನೂ ಇಳಿದಿಲ್ಲ.

ರಾಣೆಬೆನ್ನೂರಿನಲ್ಲಿ ನನ್ನ ಗಿರಿಜಾ ಕಾಕು ಇದ್ದಾರೆ. (ನಮ್ಮ ಕಡೆ ಚಿಕ್ಕಪ್ಪನ ಹೆಂಡತಿಗೆ ಕಾಕು ಅನ್ನುತ್ತೇವೆ.) ಸಂಕ್ರಾಂತಿ ಬಂತೆಂದರೆ ಕುಸುರೆಳ್ಳು ಮಾಡಲು ಕೂರುತ್ತಾರೆ. ಸಣ್ಣ ಕೆಂಡದ ಮೇಲೆ ಬಾಣಲೆ ಇಟ್ಟು, ಎಳ್ಳಿಗೆ ಚಮಚ ಚಮಚವಾಗಿ ಸಕ್ಕರೆ ಪಾಕ ಬಿಡುತ್ತಾ, ಬರಿಗೈಯಲ್ಲಿ ಆಡಿಸುತ್ತಲೇ ಇರಬೇಕು. ಬೆರಳ ತುದಿ ಸುಡುತ್ತದೆ. ಸೊಂಟ ಹಿಡಿಯುತ್ತದೆ. ಕಾಕಾ ಇದ್ದಾಗ ಕಾಕುವೇ ಮಾಡಿ ತಾವೇ ಓಣಿಗೆಲ್ಲ ಹಂಚುತ್ತಿದ್ದರು. ಕಾಕಾ ತೀರಿಕೊಂಡ ಮೇಲೆ ಮಾಡುವವರು ಕಾಕು, ಹಂಚುವವಳು ಸೊಸೆ.

ಶಾಸ್ತ್ರವಂತೆ! ವಿಧವೆಯ ಕೈ ಸುಟ್ಟುಕೊಳ್ಳಲು ಆಗುತ್ತದೆ, ಕೊಡಲು ಆಗುವುದಿಲ್ಲ. ಈ ಶಾಸ್ತ್ರ ಬರೆದವನು ಖಂಡಿತ ಬಾಣಲೆಯ ಮುಂದೆ ಕೂತವನಲ್ಲ.

ಇರಲಿ. ಭಾನುವಾರ ಕಾಕುವಿನ ಮೊಮ್ಮಗಳು ಸೃಷ್ಟಿಗೆ ಮೂರು ತುಂಬಿತು. ಬೇಕರಿಯಲ್ಲಿ ಕೇಕ್ ಹೇಳಿದ್ದರು. ಮೇಲೆ ಅಲಂಕಾರಕ್ಕೆಂದು ಬೇಕರಿಯವನು ಬೆಂಗಳೂರಿನಿಂದ ಬಂದ ಬೆಳ್ಳಿ ಬಣ್ಣದ ಸಕ್ಕರೆ ಮುತ್ತು ತೋರಿಸಿದ. ಕಾಕು ಒಂದನ್ನು ಕಚ್ಚಿ ನೋಡಿ, ‘ಏನಪಾ ಇದು, ಸೈಕಲ್ ಬೇರಿಂಗಿನ ಛರ್ರಾ ಇದ್ದಂಗ ಐತಿ. ನೀ ಬರೇ ಕೇಕ್ ಕೊಡು, ಮುತ್ತು ನಾ ಮಾಡ್ತೇನಿ’ ಅಂದು ಬಂದುಬಿಟ್ಟರಂತೆ.

ಮಾಡಿಯೇ ಬಿಟ್ಟರು! ಎಳ್ಳಿನ ಬದಲು ಸಾಬೂದಾಣಿ, ಅಂದರೆ ಸಬ್ಬಕ್ಕಿ. ಪಾಕ ತೆಳ್ಳಗೆ, ಕುಸುರೆಳ್ಳಿನ ಹಾಗೆ ಮುಳ್ಳು ಏಳಬಾರದು, ನುಣ್ಣಗಿರಬೇಕು. ಗುಲಾಬಿ ಬಣ್ಣಕ್ಕೆ ಬೀಟ್‌ರೂಟ್, ಹಳದಿಗೆ ಅರಿಶಿನ, ಹಸಿರಿಗೆ ಪಾಲಕ್. ನನಗೆ ಫೋನ್ ಮಾಡಿ ಸಣ್ಣ ಹುಡುಗಿಯ ಹಾಗೆ ಹೇಳಿದರು: ‘ಕೇಕಿಗೇನ್ ಶಾಸ್ತ್ರ ಐತೆವಾ? ಅದು ನಮ್ಮ ಹಬ್ಬದ ಅಡಿಗಿ ಅಲ್ಲಲ್ಲ. ಮೊದಲನೇ ತುಣುಕು ಕೂಸಿಗೆ ನನ್ನ ಕೈಯಾರೆ ತಿನ್ನಸ್ತೇನಿ. ನೀ ಬರಾಕ ಬೇಕು ನೋಡು.’

ಹೋದೆ. ಕೇಕ್ ನೋಡಿ ಬೆರಗಾದೆ. ಸೃಷ್ಟಿಯ ಹೆಸರಿನ ಸುತ್ತ ಗುಲಾಬಿ, ಹಳದಿ, ಹಸಿರು ಮುತ್ತಿನ ಸಾಲು. ಒಂದೊಂದನ್ನೂ ಕಾಕುವೇ ಕೂರಿಸಿದ್ದರು. ಹೊಸ ಇಳಕಲ್ ಸೀರೆ ಉಟ್ಟಿದ್ದರು.

ಮೊದಲು ಆರತಿ ಆಯಿತು. ಕಾಕು ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದರು. ಆಮೇಲೆ ಮೇಣದಬತ್ತಿ ಹಚ್ಚಿದರು. ಸೃಷ್ಟಿ ‘ಫೂ’ ಎಂದು ಊದಿ ಆರಿಸಿತು. ಹ್ಯಾಪಿ ಬರ್ತ್‌ಡೇ, ಚಪ್ಪಾಳೆ, ಫೋಟೋ! ಕಾಕು ಸೆರಗು ಸರಿ ಮಾಡಿಕೊಂಡು ಮುಂದೆ ಬಂದರು.

‘ನೀವು ಇರ್ರಿ’ ಎಂದರು ಬ್ಯಾಡಗಿಯ ಬೀಗಿತ್ತಿ, ಅಂದರೆ ಸೊಸೆಯ ತಾಯಿ. ‘ಹುಟ್ಟಿದ ಹಬ್ಬದ ದಿನ ಮೊದಲನೇ ತುತ್ತು ಮುತ್ತೈದೇರ ಕೈಯಾಗ ಆಗ್ಲಿ. ನೀವು ಆಮ್ಯಾಲೆ ತಿನ್ನಸೀರಂತ.’

ನನಗೆ ತಡೆಯಲಾಗಲಿಲ್ಲ. ‘ಏನ್ರೀ ಇದು? ಕೇಕಿಗೂ ಮುತ್ತೈದಿ ಬೇಕೇನ್ರೀ? ಆ ಮುತ್ತು ಮಾಡಿದಾಕಿನ ನಮ್ಮ ಕಾಕು!’ ಎಂದೆ.

ಕಾಕುವಿನ ಮಗ ಮಂಜುನಾಥ ಕ್ಯಾಮೆರಾ ಒರೆಸತೊಡಗಿದ. (ಅವ್ವನ ಪರ ಒಂದು ಮಾತು ಆಡುವುದಕ್ಕಿಂತ ಲೆನ್ಸ್ ಒರೆಸುವುದು ಸುಲಭ.) ಬೀಗಿತ್ತಿ ಚಾಕು ಎತ್ತಿಕೊಂಡರು. ಒಂದು ತುಣುಕು ಕತ್ತರಿಸಿ, ಅದರ ಮೇಲಿನ ಮುತ್ತನ್ನೆಲ್ಲ ಚಮಚದಿಂದ ಕೆರೆದು ಪಕ್ಕಕ್ಕೆ ಹಾಕಿ, ಮೊಮ್ಮಗಳಿಗೆ ತಿನ್ನಿಸಿದರು. ‘ಕೂಸಿಗೆ ಬಣ್ಣದ್ದು ಬ್ಯಾಡ. ಕೆಮ್ಮು ಹತ್ತತೈತಿ.’

ಬಣ್ಣ! ಇವರದು ಬ್ಯಾಡಗಿಯಲ್ಲಿ ಮೆಣಸಿನಕಾಯಿ ವ್ಯಾಪಾರದ ಮನೆ. ಕಾಯಿಯ ಬಣ್ಣ ತೋರಿಸಿಯೇ ಮೂರು ಅಂತಸ್ತು ಎಬ್ಬಿಸಿದವರಿಗೆ ಬೀಟ್‌ರೂಟ್ ಬಣ್ಣದ ಭಯ! ಸರಿ, ಕೂಸಿಗೆ ಕೆಮ್ಮು. ಉಳಿದ ಹೆಂಗಸರಿಗೆ ಏನಾಗಿತ್ತು? ಒಬ್ಬರನ್ನು ನೋಡಿ ಒಬ್ಬರು ತಟ್ಟೆಯ ಅಂಚಿಗೆ ಮುತ್ತು ಸರಿಸಿದರು. ಓದಿದವರು, ಕೆಲಸಕ್ಕೆ ಹೋಗುವವರು.

ನಮ್ಮ ಧಾರಾಳತನ ನೋಡಿ. ಯಾವುದೋ ದೇಶದ ತಿನಿಸು ಬರಬಹುದು. ಹಾಡು ಇಂಗ್ಲಿಷಿನಲ್ಲಿ ಇರಬಹುದು. ಎಗ್‌ಲೆಸ್ ಎಂದು ಬೇಕರಿಯವನು ಹೇಳಿದರೆ ಹಿಂದೆಮುಂದೆ ನೋಡದೆ ನಂಬಬಹುದು. ಬಾಗಿಲಲ್ಲಿ ತಡೆದು ನಿಲ್ಲಿಸುವುದು ಮಾತ್ರ ಸ್ವಂತ ಅಜ್ಜಿಯನ್ನು. ಹೊಸದೇನೇ ಬರಲಿ, ಅದಕ್ಕೊಂದು ಹಳೆಯ ಬೀಗ ಹುಡುಕಿ ಹಾಕುವವರೆಗೆ ನಮಗೆ ಸಮಾಧಾನವಿಲ್ಲ.

ಕಾಕು ಜಗಳ ಮಾಡಲಿಲ್ಲ. ಆಮೇಲೆ ಕೇಕ್ ತಿನ್ನಿಸಲೂ ಹೋಗಲಿಲ್ಲ. ಅಡುಗೆಮನೆಯಲ್ಲಿ ಕೂತು, ತಟ್ಟೆಗಳ ಅಂಚಿನಿಂದ ಮುತ್ತುಗಳನ್ನು ಬಳಿದು ಬಟ್ಟಲಿಗೆ ಹಾಕುತ್ತಿದ್ದರು. ಬೆರಳ ತುದಿಯಲ್ಲಿ ಇನ್ನೂ ಬೊಬ್ಬೆ ಇತ್ತು. ನನ್ನ ಮುಖ ನೋಡದೆ ಹೇಳಿದರು: ‘ಕೇಕಿಗಾದ್ರೂ ನನ್ನ ಬಿಡ್ತಾರ ಅಂತ ತಿಳದಿದ್ನೆವಾ.’

ಅಲ್ಲಾ, ಉರಿಯುವ ದೀಪವನ್ನು ಊದಿ ಆರಿಸಿ ಎಲ್ಲರೂ ಚಪ್ಪಾಳೆ ತಟ್ಟಿದ ಆ ಮನೆಯಲ್ಲಿ, ಅಪಶಕುನವಾಗಿ ಕಂಡಿದ್ದು ನಮ್ಮ ಕಾಕು ಒಬ್ಬರೇ?