ಲೀಸಿನ ಕಾಗದ

ಇಂಗ್ಲಿಷ್ ಓದಲು ನನಗೆ ಬರುವುದಿಲ್ಲ ಎಂಬ ಒಂದು ಮಾತನ್ನು ನಾನು ತಂಗಿಗೆ ಹೇಳಲಿಲ್ಲ. ಹೇಳಿದ್ದರೆ ಅವಳ ಹುಳುಗಳು ಬದುಕುತ್ತಿದ್ದವು.

ಶಿಡ್ಲಘಟ್ಟದ ಹತ್ತಿರ ಅವಳು ರೇಷ್ಮೆ ಹುಳು ಸಾಕುತ್ತಾಳೆ. ಗಂಡ ತೀರಿಕೊಂಡ ಮೇಲೆ ಅದೇ ಅವಳ ಜೀವನ. ಮರಿ ಹುಳುಗಳನ್ನು, ನಮ್ಮ ಕಡೆ ಚಾಕಿ ಎನ್ನುತ್ತೇವೆ, ಬಾಡಿಗೆ ಆಟೋದಲ್ಲಿ ತಂದು ತಂದು ಸಾಕಾಗಿ ಹಳೆಯ ಕಾರೊಂದನ್ನು ಕೊಳ್ಳುತ್ತೇನೆ ಎಂದಳು. ನಾನು ಚಿಕ್ಕಬಳ್ಳಾಪುರದಲ್ಲಿ ಟೆಂಪೋ ಓಡಿಸುವವನು. ಗಾಡಿ ನೋಡುವ ಕೆಲಸ ನನ್ನ ಪಾಲಿಗೆ ಬಂತು.

ಚಿಂತಾಮಣಿಯಲ್ಲಿ ಒಂದು ಬಿಳಿ ಕಾರು ಸಿಕ್ಕಿತು. ಯಾವುದೋ ಕಂಪನಿ ನಾಲ್ಕು ವರ್ಷ ಲೀಸಿಗೆ ಇಟ್ಟುಕೊಂಡು ವಾಪಸ್ ಕೊಟ್ಟದ್ದು. ಇಂಜಿನ್ ಸದ್ದು ಕೇಳಿದೆ, ಟೈರು ನೋಡಿದೆ, ಚೆನ್ನಾಗಿತ್ತು. ಮಾರುವವನು ಲೀಸಿನ ಕಾಗದ ಕೈಗಿಟ್ಟ. ಪೂರ್ತಿ ಇಂಗ್ಲಿಷ್. ನನ್ನದು ಏಳನೇ ಕ್ಲಾಸು.

"ಯಾವ ಕಂಪನಿದಣ್ಣ, ಏನಂತ ಬರ್ದವ್ರೆ?" ಎಂದಳು ಜೊತೆಗೆ ಬಂದಿದ್ದ ತಂಗಿ.

ನಾನು ಹಾಳೆ ಹಾಳೆ ತಿರುವಿ, ಎಲ್ಲ ಸರಿಯಾಗಿದೆ ಎಂದೆ. ಡಿಕ್ಕಿ ತೆರೆದಾಗ ಒಳಗೆ ಹೊಡೆದಿದ್ದ ಸೆಂಟಿನ ವಾಸನೆಯ ಅಡಿಯಿಂದ ಇನ್ನೊಂದು ಘಾಟು ಮೂಗಿಗೆ ಬಡಿಯಿತು. ನಾನೂ ಹುಳು ಸಾಕುವ ಮನೆಯಲ್ಲೇ ಬೆಳೆದವನು. ಘಾಟು ಹುಳುಗಳಿಗೆ ಆಗದೆಂದು ಅಲ್ಲಿ ಊದುಬತ್ತಿ ಕೂಡ ಹಚ್ಚುತ್ತಿರಲಿಲ್ಲ. ಆದರೂ ಏನು ವಾಸನೆ ಎಂದು ಕೇಳಲಿಲ್ಲ. ಕೇಳಿದರೆ ಮಾರುವವನು, ಕಾಗದದಲ್ಲೇ ಇದೆಯಲ್ಲ ಎಂದುಬಿಟ್ಟಾನು ಎಂಬ ಭಯ.

ಮುಂದಿನ ಚಾಕಿ ಆ ಕಾರಿನಲ್ಲೇ ಬಂತು. ಬಿಸಿಗಾಳಿ ತಾಗದಿರಲೆಂದು ತಂಗಿ ಗಾಜು ಏರಿಸಿದ್ದಳು. ಮಾರನೆಯ ದಿನ ಹುಳುಗಳು ತಲೆ ಆಡಿಸುತ್ತಾ ಹಸಿರು ಕಕ್ಕತೊಡಗಿದವಂತೆ. ಫೋನ್ ಬಂದು ನಾನು ಹೋಗುವಷ್ಟರಲ್ಲಿ ಅವಳು ಸತ್ತ ಹುಳುಗಳ ತಟ್ಟೆಗಳನ್ನು ಗುಂಡಿಗೆ ಸುರಿಯುತ್ತಿದ್ದಳು. ಪಕ್ಕದ ದ್ರಾಕ್ಷಿ ತೋಟಕ್ಕೆ ಹೊಡೆದ ಔಷಧಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದಿದೆ ಎಂದು ಆ ತೋಟದವರ ಜೊತೆ ಜಗಳವನ್ನೂ ಆಡಿ ಬಂದಿದ್ದಳು.

ಕಾಲೇಜಿಗೆ ಹೋಗುವ ಅವಳ ಮಗಳು ಕಾರಿನಿಂದ ಆ ಕಾಗದ ಹಿಡಿದು ಬಂದಳು. "ಬೆಳೆಗೆ ಹೊಡೆಯೋ ಔಷಧಿ ಕಂಪನಿದಮ್ಮ ಈ ಕಾರು. ಮೊದಲ್ನೇ ಹಾಳೇಲೇ ಇದೆ."

"ಸುಮ್ನಿರೇ. ಮಾಮ ಓದೇ ತಗೊಂಡಿದ್ದು. ಇದ್ದಿದ್ರೆ ಹೇಳ್ತಿರ್ಲಿಲ್ವ?"

ಹುಡುಗಿ ನನ್ನ ಮುಖ ನೋಡಿದಳು. ತಂಗಿ ನೋಡಲೂ ಇಲ್ಲ, ಅಷ್ಟು ನಂಬಿಕೆ. ಅವಳ ಕೈಯಲ್ಲಿದ್ದ ತಟ್ಟೆಯನ್ನು ನಾನು ತೆಗೆದುಕೊಂಡು ಕೆಳಗಿಟ್ಟೆ.

"ನಂಗೆ ಇಂಗ್ಲಿಷ್ ಓದಕ್ಕೆ ಬರಲ್ಲ ಕಣಮ್ಮ. ನಾಚ್ಕೆಗೆ ಸುಳ್ಳು ಹೇಳ್ದೆ. ವಾಸ್ನೆನೂ ಗೊತ್ತಾಗಿತ್ತು. ತೋಟದವ್ರದ್ದಲ್ಲ, ನಂದೇ ತಪ್ಪು. ಕ್ಷಮಿಸಮ್ಮ."