ಗದ್ದೆಯಾಚೆಯ ಪಿನ್ನು

ಫೋನಿನಲ್ಲಿ ಯಾರಾದರೂ ‘ಲೊಕೇಶನ್ ಕಳಿಸಿ’ ಎಂದರೆ ನನಗೆ ಈಗಲೂ ಮೈ ಉರಿಯುತ್ತದೆ. ಕೇಳಿದವರ ತಪ್ಪಿಲ್ಲ, ಗೊತ್ತು. ಆದರೂ ಉರಿಯುತ್ತದೆ.

ನಾನು ಸಾಫ್ಟ್‌ವೇರಿನವಳು. ಪಾರ್ಸೆಲ್ ಸಾಗಿಸುವ ಒಂದು ಕಂಪನಿಯ ಆ್ಯಪಿಗೆ ಬರುವ ದೂರುಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ವಿಳಾಸ ತಪ್ಪಾಗಿದೆ, ಪಾರ್ಸೆಲ್ ಇನ್ನೆಲ್ಲಿಗೋ ಹೋಗಿದೆ ಎಂದು ಯಾರ್ಯಾರೋ ದಿನವಿಡೀ ಬೈಯುವುದನ್ನು ಓದಿ ಸಂಬಳ ತೆಗೆದುಕೊಳ್ಳುತ್ತೇನೆ. ಕೊಡಗಿನ ನಾಪೋಕ್ಲಿನಿಂದ ಒಂದಿಷ್ಟು ಒಳಗಿರುವ ನಮ್ಮ ಮನೆಯ ಮಾಳಿಗೆಯೇ ನನ್ನ ಆಫೀಸು. ಅಲ್ಲಿ ಯಾಕೆಂದರೆ, ಮಾಳಿಗೆಯ ಒಂದೇ ಒಂದು ಕಿಟಕಿಯಲ್ಲಿ ನೆಟ್‌ವರ್ಕ್ ಸಿಗುತ್ತದೆ. ಮೀಟಿಂಗ್ ನಡೆಯುವಾಗ ಬೆಂಗಳೂರಿನ ಮ್ಯಾನೇಜರು, “ನಿಮ್ಮ ಮುಖ ಕಾಣ್ತಿಲ್ಲ, ಬರೀ ಸರಳು ಕಾಣ್ತಿದೆ” ಎನ್ನುತ್ತಾರೆ. ಸರಳಿಗೆ ಫೋನ್ ಕಟ್ಟಿಯೇ ನಾನು ಅವರ ಕೆಲಸ ಮಾಡಿಕೊಡುತ್ತಿರುವುದು ಎಂದು ಎಷ್ಟು ಸಲ ಹೇಳಿದರೂ ಅವರ ತಲೆಗೆ ಹೋಗುವುದಿಲ್ಲ.

ಊರಿನವರ ಲೆಕ್ಕದಲ್ಲಿ ಬ್ಯಾಟರಿ ಇರುವುದೆಲ್ಲ ನನ್ನ ಖಾತೆ. ಓಟಿಪಿ ಬರಲಿಲ್ಲ, ಫೋಟೊ ಅಳಿಸಿಹೋಯಿತು, ಟಿವಿಯಲ್ಲಿ ಮಲಯಾಳ ಚಾನೆಲ್ ಮಾತ್ರ ಬರುತ್ತಿದೆ, ಹೀಗೆ ಏನಾದರೂ ಹಿಡಿದುಕೊಂಡು ಅಂಗಳಕ್ಕೆ ಬರುತ್ತಾರೆ.

“ಏ ಗೂಡೆ, ನೀ ಕಂಪ್ಯೂಟರ್‌ಲಿ ಕೆಲ್ಸ ಮಾಡುದಲ್ಲಾ, ಇದೊಂದು ಸರಿ ಮಾಡಿಕೊಡ್.”

ನಮ್ಮ ಅರೆಭಾಷೆಯಲ್ಲಿ ಹುಡುಗಿಗೆ ಗೂಡೆ ಎನ್ನುತ್ತಾರೆ, ಹುಡುಗನಿಗೆ ಹೈದ. ನನ್ನ ತಲೆಯಲ್ಲಿ ಬಿಳಿಕೂದಲು ಕಾಣಿಸಿಕೊಂಡಿದ್ದರೂ ಅವರಿಗೆ ನಾನು ಗೂಡೆಯೇ. ಅದಕ್ಕೆಲ್ಲ ನನಗೆ ಸಿಟ್ಟಿಲ್ಲ. ಸಿಟ್ಟು ಬಂದದ್ದು ನಮ್ಮ ಸುಗ್ಗಿಹಬ್ಬವಾದ ಹುತ್ತರಿಯ ದಿನ ನಮ್ಮ ಚಿಕ್ಕಪ್ಪನ ಮಗ ಮಾಡಿದ ಘನಕಾರ್ಯಕ್ಕೆ.

ನಮ್ಮ ಕಡೆ ಮನೆಗಳಿಗೆ ನಂಬರಿಲ್ಲ, ಬೀದಿಯ ಹೆಸರಿಲ್ಲ. ಮನೆತನದ ಹೆಸರೊಂದೇ ಇರುವುದು. ಅದೇ ಹೆಸರಿನ ಮನೆಗಳು ಗುಡ್ಡಕ್ಕೊಂದು, ತೋಟಕ್ಕೊಂದು ಹರಡಿಕೊಂಡಿವೆ. ಎಲ್ಲಕ್ಕೂ ಮೂಲ ಐನ್‌ಮನೆ. ಅಲ್ಲಿ ಯಾರೂ ವಾಸವಿಲ್ಲ. ಹುತ್ತರಿಗೆ ಮತ್ತು ಕಾರಣವರಿಗೆ, ಎಂದರೆ ತೀರಿಹೋದ ಹಿರಿಯರಿಗೆ, ಎಡೆ ಇಡುವ ದಿನ ಎಲ್ಲರೂ ಸೇರಿ ಬಾಗಿಲು ತೆಗೆಯುತ್ತೇವೆ, ಉಳಿದಂತೆ ಬೀಗ. ನಮ್ಮ ಮನೆ ಗದ್ದೆಯ ಈಚೆ, ಐನ್‌ಮನೆ ಗದ್ದೆಯ ಆಚೆ. ಅಂಗಳದಲ್ಲಿ ನಿಂತರೆ ಎದುರಿಗೇ ಕಾಣುತ್ತದೆ, ಆದರೆ ಗಾಡಿಯಲ್ಲಿ ಹೋಗುವುದಾದರೆ ಗುಡ್ಡವನ್ನೇ ಸುತ್ತಿಕೊಂಡು ಹೋಗಬೇಕು.

ವಿಳಾಸವಿಲ್ಲವೆಂದು ನಮಗೆ ಯಾವತ್ತೂ ತೊಂದರೆಯಾಗಿರಲಿಲ್ಲ. ದೊಡ್ಡ ಸುದ್ದಿ ಮುಟ್ಟಿಸಲು ಕೋವಿ ಇದೆ. ಗಂಡು ಮಗು ಹುಟ್ಟಿದರೆ ಅಂಗಳದಲ್ಲಿ ಒಂದು ಗುಂಡು, ಯಾರಾದರೂ ತೀರಿಕೊಂಡರೆ ಜೋಡಿ ಗುಂಡು. ಸದ್ದು ಬಂದ ದಿಕ್ಕಿನಲ್ಲೇ ಯಾರ ಮನೆಯೆಂದು ತಿಳಿಯುತ್ತದೆ. ಜೋಡಿ ಗುಂಡು ಕೇಳಿದವರು ಕೈಯಲ್ಲಿದ್ದುದನ್ನು ಅಲ್ಲೇ ಬಿಟ್ಟು ಹೊರಡುತ್ತಾರೆ. ಮಾತು ಬಿಟ್ಟವರೂ ಹೊರಡುತ್ತಾರೆ.

ಆ ಹುತ್ತರಿಗೆ ಮೈಸೂರಿನಿಂದ ಬಂದಿದ್ದ ಚಿಕ್ಕಪ್ಪನ ಮಗ ಐನ್‌ಮನೆಯ ಜಗಲಿಯಲ್ಲಿ ಕೂತು ಫೋನಿನ ಮ್ಯಾಪಿನಲ್ಲಿ ಒಂದು ಪಿನ್ ಚುಚ್ಚಿ, ಬರೀ ಮನೆತನದ ಹೆಸರನ್ನು ಬರೆದ. ಐನ್‌ಮನೆ ಎಂದು ಸೇರಿಸಬೇಕೆಂದೂ ಅವನಿಗೆ ತೋಚಲಿಲ್ಲ. ಫ್ಯಾಮಿಲಿ ಗ್ರೂಪಿನಲ್ಲಿ ಕೈಮುಗಿಯುವ ಚಿತ್ರಗಳ ಮಳೆಯೇ ಸುರಿಯಿತು. ಅಪ್ಪನಂತೂ ಬಂದವರನ್ನೆಲ್ಲ ಕರೆದು ತೋರಿಸಿದರು.

“ನೋಡ್, ನಮ್ಮ ಮನೆತನದ ಹೆಸ್ರು ಮ್ಯಾಪ್‌ಲಿ ಬಂದುಟು! ಇನ್ನ್ ಲೋಕದ ಯಾವ ಮೂಲೆಲಿ ಇದ್ದರೂ ಕಾಂಬದು.”

ಕಂಡಿತು, ಕಾಣಬಾರದವರಿಗೆಲ್ಲ ಕಂಡಿತು. ನಮ್ಮ ಗ್ಯಾಸ್ ಸಿಲಿಂಡರ್ ಐನ್‌ಮನೆಯ ಅಂಗಳದಲ್ಲಿ ಇಳಿಯಿತು. ಆಫೀಸಿನವರು ನನಗೆ ಕಳಿಸಿದ ಲ್ಯಾಪ್‌ಟಾಪ್ ಅದರ ಜಗಲಿಯಲ್ಲಿ ಇಬ್ಬನಿ ತಿಂದಿತು. ದುಬಾರೆಯಲ್ಲಿ ಆನೆ ನೋಡಿ ಬಂದ ಟೂರಿಸ್ಟುಗಳು ಹೋಮ್‌ಸ್ಟೇ ಎಂದುಕೊಂಡು ಶೂ ಹಾಕಿಕೊಂಡೇ ಜಗಲಿ ಹತ್ತಿದರು. ಅವರಲ್ಲೊಬ್ಬ ಪುಣ್ಯಾತ್ಮ ನಮ್ಮ ಕಾರಣವರ ಮನೆಗೆ ಎರಡು ಸ್ಟಾರ್ ಕೊಟ್ಟು, ‘ಸಿಬ್ಬಂದಿ ಇಲ್ಲ, ರೂಮ್ ಸರ್ವಿಸ್ ಇಲ್ಲ’ ಎಂದು ಬರೆದಿದ್ದ. ಇದನ್ನು ಓದಿ ನಕ್ಕವಳು ಅತ್ತಿಗೆ ಒಬ್ಬಳೇ. ಅಣ್ಣನ ಹೆಂಡತಿ. ವಯಸ್ಸಿನಲ್ಲಿ ನನಗಿಂತ ಚಿಕ್ಕವಳು, ಆಗ ತುಂಬು ಬಸುರಿ.

ಅವಳಿಗಾಗಿಯೇ ನನಗೆ ಭಯ ಹತ್ತಿದ್ದು. ಮಗುವಿನ ಮಾಸು ಕೆಳಗೆ ಕೂತಿದೆ, ಯಾವಾಗ ಬೇಕಾದರೂ ರಕ್ತ ಹೋಗಬಹುದು ಎಂದು ಮಡಿಕೇರಿಯ ಡಾಕ್ಟರಮ್ಮ ಎಚ್ಚರಿಸಿದ್ದರು. “ಹಾಗೇನಾದ್ರೂ ಆದ್ರೆ ಜೀಪಲ್ಲಿ ಕೂರಿಸ್ಕೊಂಡು ಕುಲುಕಿಸ್ಕೊಂಡು ತರಬೇಡಿ. ಆಂಬ್ಯುಲೆನ್ಸ್ ಕರೆಸಿ, ಮಲಗಿಸ್ಕೊಂಡೇ ಬನ್ನಿ. ತಡ ಮಾಡಬೇಡಿ” ಎಂದು ನನ್ನ ಮುಖ ನೋಡಿಯೇ ಹೇಳಿದರು. ಆಂಬ್ಯುಲೆನ್ಸ್ ಬರುವುದು ಯಾವುದನ್ನು ನೋಡಿಕೊಂಡು? ಆ ಹಾಳು ಮ್ಯಾಪನ್ನು. ಮನೆಗೆ ಬಂದವಳೇ ನಾನು ಅದನ್ನು ಸರಿಪಡಿಸಲು ಕೂತೆ.

ಪಿನ್ನಿನ ಹೆಸರು ಬದಲಿಸಲು ಕೇಳಿದೆ. ‘ನಿಮ್ಮ ಸಲಹೆಯನ್ನು ಒಪ್ಪಲು ಸಾಧ್ಯವಾಗಲಿಲ್ಲ.’ ಸರಿ, ನಮ್ಮ ಮನೆಗೇ ಬೇರೆ ಪಿನ್ ಹಾಕುತ್ತೇನೆಂದು ಹಾಕಿದೆ. ಅದೇ ಹೆಸರಿನ ಜಾಗ ಆಗಲೇ ಇದೆ ಎಂದು ಅದನ್ನೂ ಅಳಿಸಿದರು. ಫೋಟೊ ಕಳಿಸಿದೆ, ವಿವರಿಸಿ ಬರೆದೆ. ಪ್ರತಿ ಸಲವೂ ಅದೇ ನಯವಾದ ಸಾಲು, ಅದರ ಕೆಳಗೆ ‘ಈ ಉತ್ತರ ಉಪಯುಕ್ತವಾಗಿತ್ತೇ?’ ಎಂಬ ಪ್ರಶ್ನೆ. ಇಂಥ ಸಾಲುಗಳು ಎಲ್ಲಿ ತಯಾರಾಗುತ್ತವೆಂದು ನನಗೆ ಗೊತ್ತು. ಬಟನ್ ಒತ್ತಿದರೆ ಸಾಲು ಹೋಗುತ್ತದೆ, ದೂರು ಮುಗಿದ ಲೆಕ್ಕಕ್ಕೆ ಸೇರುತ್ತದೆ, ಆ ಕಡೆ ಓದುವ ಮನುಷ್ಯನೇ ಇರುವುದಿಲ್ಲ. ಜಗಳವಾಡೋಣವೆಂದರೆ ಒಂದು ಮುಖವಾದರೂ ಬೇಕಲ್ಲ!

ಮುಖವಿದ್ದವರೊಡನೆ ಆಡಿದ ಜಗಳದಲ್ಲೂ ನಾನು ಗೆಲ್ಲಲಿಲ್ಲ.

“ಅಪ್ಪ, ಆ ಪಿನ್ನ್ ತೆಗಿಸೊಕು. ಅತ್ತಿಗೆಗೆ ಏನಾರ್ ಆದರೆ ಗಾಡಿ ಅಲ್ಲಿಗೇ ಹೋದು.”

“ಐನ್‌ಮನೆ ಹೆಸ್ರು ಅಳ್ಸುಕೆ ಹೇಳುದಾ ನೀ? ಹೆಸ್ರು ತಪ್ಪಾ?”

“ಹೆಸ್ರು ತಪ್ಪಲ್ಲ, ಜಾಗ ತಪ್ಪು.”

“ಜಾಗನೂ ತಪ್ಪಲ್ಲ. ಐನ್‌ಮನೆ ಇರುದು ಅಲ್ಲೇ ಅಲ್ಲನಾ?”

ಅವರು ಹೇಳಿದ್ದು ನಿಜವೇ. ನನಗೆ ತಲೆ ಚಚ್ಚಿಕೊಳ್ಳುವಂತೆ ಆಗುತ್ತಿದ್ದುದೂ ಅದಕ್ಕೇ. ಸಾಲದ್ದಕ್ಕೆ, ಈ ಜಾಗದ ಹೆಸರು ಸರಿಯಿದೆಯೇ ಎಂದು ಫೋನ್ ಕೇಳಿದಾಗಲೆಲ್ಲ ಅಪ್ಪ ಭಕ್ತಿಯಿಂದ ‘ಹೌದು’ ಒತ್ತುತ್ತಿದ್ದರು. ನಮ್ಮ ಬಂಧುಬಳಗವೆಲ್ಲ ಒತ್ತುತ್ತಿತ್ತು. ನಾನೊಬ್ಬಳು ಇಲ್ಲವೆಂದರೆ ಯಾವ ಮೆಷಿನ್ನು ನಂಬುತ್ತದೆ?

ಕಾಫಿ ಪಿಕ್ಕಿಂಗ್ ಜೋರಾಗಿದ್ದ ದಿನಗಳು. ಆ ಬೆಳಿಗ್ಗೆ ಕರೆಂಟ್ ಇರಲಿಲ್ಲ. ಪಿಕ್ಕಿಂಗಿಗೆ ಆಳು ತರಲು ಅಣ್ಣ ಜೀಪು ತೆಗೆದುಕೊಂಡು ದೂರದ ಬಾಳೆಲೆ ಊರಿನ ಕಡೆಗೆ ಹೋಗಿದ್ದ. ನಾನು ಮಾಳಿಗೆಯಲ್ಲಿದ್ದೆ. ಅಮ್ಮ ಕೂಗಿದ ರೀತಿಯಲ್ಲೇ ಗೊತ್ತಾಯಿತು. ಇಳಿದು ಬಂದು ನೋಡಿದರೆ ಅತ್ತಿಗೆ ಬಚ್ಚಲಿನ ಗೋಡೆ ಹಿಡಿದು ನಿಂತಿದ್ದಾಳೆ, ಕಾಲ ಕೆಳಗೆ ರಕ್ತ. ಅವಳನ್ನು ಮಲಗಿಸಿ, ಮತ್ತೆ ಮಾಳಿಗೆಗೆ ಓಡಿ, ಕಿಟಕಿಗೆ ಮುಖ ಒತ್ತಿ ಆಂಬ್ಯುಲೆನ್ಸಿಗೆ ಫೋನ್ ಮಾಡಿದೆ. ಮನೆತನದ ಹೆಸರು ಕೇಳಿದರು, ಹೇಳಿದೆ.

“ಲೊಕೇಶನ್ ಸಿಕ್ತು ಮೇಡಂ.”

“ಅದಲ್ಲ! ಅದು ಬೀಗ ಹಾಕಿದ ಮನೆ. ನಮ್ಮದು ಗದ್ದೆ ಈಚೆ.”

“ಹೆಸರು ಅದೇ ಅಲ್ವಾ ಮೇಡಂ?”

“ಹೆಸರು ಅದೇ, ಮನೆ ಬೇರೆ!”

“ಸಿಸ್ಟಮ್‌ನಲ್ಲಿ ಒಂದೇ ತೋರಿಸ್ತಿದೆ ಮೇಡಂ. ಒಂದು ಲಿಂಕ್ ಕಳಿಸ್ತೀನಿ, ನಿಮ್ಮ ಲೊಕೇಶನ್ ಕಳಿಸಿ.”

ಲಿಂಕ್ ಬಂತು. ಒತ್ತಿದೆ. ಚಕ್ರ ತಿರುಗಿತು, ತಿರುಗುತ್ತಲೇ ಇತ್ತು. ಕರೆಂಟ್ ಹೋದ ಸ್ವಲ್ಪ ಹೊತ್ತಿಗೆ ನಮ್ಮ ಟವರಿನ ಬ್ಯಾಟರಿಯೂ ಸಾಯುತ್ತದೆ. ಅದು ಆ ಗಳಿಗೆಯಲ್ಲೇ ಸತ್ತಿತು. ಕಿಟಕಿಯ ಸರಳು ಹಿಡಿದು ನಾನು ಬಾಯಿಗೆ ಬಂದಂತೆ ಬೈದೆ, ಕೇಳಿಸಿಕೊಳ್ಳಲು ಯಾರೂ ಇರಲಿಲ್ಲ.

ಕಡೆಗೂ ಸೈರನ್ ಕೇಳಿತು. ಅಂಗಳಕ್ಕೆ ಬಂದು ನೋಡಿದರೆ, ನಾನು ಹೆದರಿದ್ದಂತೆಯೇ, ಗದ್ದೆಯಾಚೆ ಐನ್‌ಮನೆಯ ಮುಂದೆ ಬಿಳಿ ಗಾಡಿ. ಡ್ರೈವರ್ ಇಳಿದು ಬಾಗಿಲು ಬಡಿಯುತ್ತಿದ್ದ. ಅಪ್ಪ ಎರಡೂ ಕೈ ಎತ್ತಿ ಕೂಗಿದರು. ಸೈರನ್ನಿನ ಗದ್ದಲದಲ್ಲಿ ಅವನಿಗೆಲ್ಲಿ ಕೇಳಬೇಕು? ಅಪ್ಪನ ಮಂಡಿ ಓಡುವ ಮಂಡಿಯಲ್ಲ. ನಾನೇ ಗದ್ದೆಗೆ ಇಳಿದು ಓಡಿದೆ. ಕೊಯ್ಲಾದ ಗದ್ದೆಯ ಕೂಳೆ ಕಾಲಿಗೆ ಚುಚ್ಚುತ್ತಿತ್ತು. ನಡುಗದ್ದೆಗೆ ಬರುವಷ್ಟರಲ್ಲಿ ಡ್ರೈವರ್ ಗಾಡಿ ಹತ್ತಿದ, ಗಾಡಿ ಹಿಂದೆ ತಿರುಗಿತು. “ಹೋಗಬೇಡ, ಇಲ್ಲಿ, ಇಲ್ಲಿ!” ಎಂದು ಅರಚಿದೆ. ಅದು ಹೊರಟೇ ಹೋಯಿತು.

ಆಗ ನನ್ನ ಬೆನ್ನ ಹಿಂದೆ, ನಮ್ಮ ಮನೆಯ ಅಂಗಳದಿಂದ, ಒಂದು ಗುಂಡಿನ ಸದ್ದು. ನಿಂತುಬಿಟ್ಟೆ. ಒಂದೇ ಇರಲಿ, ಇನ್ನೊಂದು ಬರದಿರಲಿ ಎಂದುಕೊಳ್ಳುತ್ತಿದ್ದಂತೆ ಇನ್ನೊಂದು.

ಅತ್ತಿಗೆ ಹೋದಳು ಎಂದುಕೊಂಡೆ. ಗದ್ದೆಯ ನಡುವೆ ಕೂತುಬಿಟ್ಟೆ. ಅಳು ಬರಲಿಲ್ಲ. ನನಗೆ ಬಂದದ್ದು ಸಿಟ್ಟು. ಕೈಯಲ್ಲಿದ್ದ ಫೋನಿನಲ್ಲಿ ಚಕ್ರ ಇನ್ನೂ ತಿರುಗುತ್ತಿತ್ತು. ಅದನ್ನು ಕೂಳೆಯ ಮೇಲೆ ಬೀಸಿ ಎಸೆದೆ.

ಸುತ್ತಲ ಗುಡ್ಡಗಳಿಂದ ಜನ ಇಳಿಯತೊಡಗಿದರು. ಪಿಕ್ಕಿಂಗ್ ಚೀಲವನ್ನು ಸೊಂಟದಲ್ಲಿ ಕಟ್ಟಿಕೊಂಡೇ ಹೆಂಗಸರು ಬಂದರು, ಬೈಕುಗಳು ಬಂದವು. ಐನ್‌ಮನೆ ರಸ್ತೆಯ ಪಕ್ಕದ ಮನೆಯವರಿಗೂ ನಮಗೂ ಬೇಲಿಯ ತಕರಾರಿನಿಂದ ಮಾತಿರಲಿಲ್ಲ. ಆ ಮನೆಯ ಯಜಮಾನ ಜೋಡಿ ಗುಂಡು ಕೇಳಿ ಜೀಪು ಹತ್ತಿ ಹೊರಟವನು, ತಿರುವಿನಲ್ಲಿ ಹಿಂದಿರುಗುತ್ತಿದ್ದ ಆಂಬ್ಯುಲೆನ್ಸಿಗೆ ಎದುರಾಗಿದ್ದ. ಯಾರ ಮನೆ ಹುಡುಕುತ್ತಿದ್ದೀ ಎಂದು ಕೇಳಿ, “ನನ್ನ ಹಿಂದೆ ಬಾ” ಎಂದಿದ್ದ. ನಾನು ಕಂಡದ್ದು ಇಷ್ಟೇ: ಗುಡ್ಡದ ರಸ್ತೆಯಲ್ಲಿ ಒಂದು ಜೀಪು, ಅದರ ಬೆನ್ನಿಗೆ ಆ ಬಿಳಿ ಗಾಡಿ, ಎರಡೂ ನಮ್ಮ ಮನೆಯ ಕಡೆಗೆ.

ಫೋನನ್ನು ಹೆಕ್ಕಿಕೊಂಡು ನಾನು ಏದುಸಿರು ಬಿಡುತ್ತ ಅಂಗಳಕ್ಕೆ ಬಂದಾಗ ಅಪ್ಪ ಕೋವಿಯನ್ನು ನೆಲಕ್ಕೆ ಊರಿಕೊಂಡು ನಿಂತಿದ್ದರು.

“ಜೀವ ಉಟ್ಟು, ಜೀವ ಉಟ್ಟು. ಗಾಡಿ ಹೋದು ಕಂಡತ್. ಬೇರೆ ಎಂಥ ಮಾಡುದ್ ಹೇಳ್?” ಅತ್ತಿಗೆಗೆ ಜೀವ ಇದೆ! ಜನ ಓಡಿಬರಲೆಂದು ಅಪ್ಪ ಹೊಡೆದ ಗುಂಡು ಅದು.

ಒಳಗೆ ಅತ್ತಿಗೆ ಕಣ್ಣು ಬಿಟ್ಟುಕೊಂಡು ಮಲಗಿದ್ದಳು. ಅಮ್ಮನ ಸೆರಗು ಅವಳ ಮುಷ್ಟಿಯಲ್ಲಿತ್ತು. “ಯಾರಿಗೆ ಹೊಡ್ದದ್?” ಎಂದು ಕೇಳಿದಳು. ಅಮ್ಮ ಅವಳ ಹೊದಿಕೆಯನ್ನು ಸರಿಪಡಿಸಿದರು. “ನಂಗಾ?” ಎಂದಳು.

ಅಳುತ್ತ ಒಳಬಂದ ಹೆಂಗಸರು ಅವಳನ್ನು ಕಂಡು ಬಾಯಿ ಮುಚ್ಚಿಕೊಂಡರು. ಹಿರಿಯ ಅತ್ತೆಯೊಬ್ಬರು ಹೊರಗೆ ಹೋಗಿ ಅಪ್ಪನನ್ನು ಹಿಡಿದು ಝಾಡಿಸಿದರು: “ಬದ್ಕಿರೊವಳಿಗೆ ಜೋಡಿ ಗುಂಡಾ? ನಿಂಗೆ ಮಂಡೆ ಸರಿ ಉಟ್ಟಾ?” ಬೈಸಿಕೊಳ್ಳಬೇಕಾದವರು ಇನ್ನೆಲ್ಲೋ ತಣ್ಣಗೆ ಕೂತಿದ್ದರು. ಇಲ್ಲಿ ಬೈಸಿಕೊಂಡವರು ಅಪ್ಪ.

ಆಂಬ್ಯುಲೆನ್ಸ್ ಅವಳನ್ನು ಮಲಗಿಸಿಕೊಂಡು ಮಡಿಕೇರಿಗೆ ಹೋಯಿತು. ಆಪರೇಶನ್ ಆಯಿತು. ಹೆಣ್ಣು ಮಗು. ಇನ್ನು ಸ್ವಲ್ಪ ತಡವಾಗಿದ್ದರೆ ಇಬ್ಬರೂ ಉಳಿಯುವುದು ಕಷ್ಟವಿತ್ತು ಎಂದರು ಡಾಕ್ಟರಮ್ಮ. ಆಸ್ಪತ್ರೆಯ ಕಾರಿಡಾರಿನಲ್ಲಿ ನೆಟ್‌ವರ್ಕ್ ಧಾರಾಳವಾಗಿತ್ತು. ಒಡೆದ ಗಾಜಿನ ಫೋನಿಗೆ ಎರಡು ಮೆಸೇಜು ಬಂದು ಬಿದ್ದವು. ರಜೆ ಹಾಕದೆ ಲಾಗೌಟ್ ಆಗಿದ್ದೇಕೆ ಎಂದು ಮ್ಯಾನೇಜರು. ನಿಮ್ಮ ಸಲಹೆಯನ್ನು ಒಪ್ಪಲು ಸಾಧ್ಯವಾಗಲಿಲ್ಲ ಎಂದು ಮ್ಯಾಪು.

ಮನೆಗೆ ಬಂದ ಮೇಲೆ ಅಪ್ಪ ಕೋವಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ. ತಾವಾಗಿಯೇ ಫೋನ್ ತಂದು ನನ್ನ ಮುಂದಿಟ್ಟು, “ಆ ಹೆಸ್ರು ಅಳ್ಸುಕೆ ಆದಾ?” ಎಂದರು. ಅವರ ಕೈಯಿಂದಲೇ ದೂರು ಬರೆಸಿದೆ. ಅದೂ ತಿರಸ್ಕಾರವಾಯಿತು. ಆ ಜಾಗ ಸರಿಯಿದೆಯೆಂದು ಅಷ್ಟು ಸಲ ಒಪ್ಪಿದವರು ಅವರೇ ತಾನೆ?

ಅತ್ತಿಗೆ ಮಗುವಿನೊಂದಿಗೆ ಮನೆಗೆ ಬಂದ ದಿನ ಜಗಲಿಯಲ್ಲಿ ಕೂತು ಗದ್ದೆಯಾಚೆಗೆ ನೋಡಿದಳು. ನಗುವ ಸ್ವಭಾವದವಳು, ಆ ದಿನ ನಗಲಿಲ್ಲ.

“ಮಾವ, ಕೋವಿ ತಕಣಿ.”

“ನಾ ಇನ್ನ್ ಅದನ್ನ ಮುಟ್ಟುಲೆ.”

“ನಾ ಸತ್ತೆ ಹೇಳಿ ಎರಡು ಹೊಡ್ದರಿ. ಇವ್ಳು ಹುಟ್ಟಿದಕ್ಕೆ ಒಂದು ಬಾಕಿ ಉಟ್ಟು.”

“ಗೂಡೆ ಹುಟ್ಟಿದರೆ ಹೊಡಿಯುವ ಕ್ರಮ ಇಲ್ಲೆ,” ಎಂದರು ಅಮ್ಮ ಮೆಲ್ಲಗೆ.

“ಬದ್ಕಿರೊವಳಿಗೆ ಜೋಡಿ ಗುಂಡು ಹೊಡಿಯುವ ಕ್ರಮ ಇತ್ತಾ?”

ಅವಳ ದನಿಯಲ್ಲಿ ಅಷ್ಟು ಸಿಟ್ಟನ್ನು ನಾನು ಅದುವರೆಗೆ ಕೇಳಿರಲಿಲ್ಲ. ನನ್ನ ಸಿಟ್ಟನ್ನೂ ಸೇರಿಸಿ ಅವಳೇ ಮಾತಾಡಿದಂತಿತ್ತು. ಅಪ್ಪ ಎದ್ದರು, ಕೋವಿ ತೆಗೆದುಕೊಂಡು ಅಂಗಳದ ತುದಿಗೆ ಹೋದರು. ಅಮ್ಮ ಮಗುವಿನ ಕಿವಿ ಮುಚ್ಚಿದರು. ಒಂದು ಗುಂಡು. ಸದ್ದು ಗದ್ದೆಯ ಮೇಲೆ ಹಾದು, ಐನ್‌ಮನೆಯನ್ನೂ ದಾಟಿ ಹೋಯಿತು.

ಸ್ವಲ್ಪ ಹೊತ್ತಿನಲ್ಲೇ ನನ್ನ ಫೋನ್ ಹೊಡೆದುಕೊಂಡಿತು. ಆಂಬ್ಯುಲೆನ್ಸನ್ನು ನಮ್ಮ ಮನೆಗೆ ಕರೆತಂದವನೇ.

“ಅಂದ್ ಗೂಡೆ ಹೇಳಿದ್ರಿ. ಈಗ ಒಂದು ಗುಂಡು ಕೇಳ್ತ್. ಹೈದನಾ?”

“ಗೂಡೆಯೇ. ಗುಂಡೂ ಅವಳಿಗೇ,” ಎಂದೆ. “ಬನ್ನಿ, ಮನೆ ಗೊತ್ತುಟ್ಟಲ್ಲಾ?”